ವೇಲ್ಸ್‌ನ ಸಣ್ಣ ಊರಿನ ಫುಟ್ಬಾಲ್ ಕ್ಲಬ್ಬಿನ ಲೀಗ್ ಚರಿತ್ರೆ ಬರೆಯುವ ಬಗೆ

ಪೋರ್ತ್‌ಮಾಡಾಗ್, ಬಾಲಾ, ಕೈರ್ಸೂಸ್‌ನಂಥ ವೇಲ್ಸ್ ಊರುಗಳಲ್ಲಿ ಜನ ಕೆಲವೇ ಸಾವಿರ. ಅಲ್ಲಿನ ಕ್ಲಬ್ಬುಗಳಿಗೆ ಮಾತ್ರ ನೂರು ದಾಟಿದ ವಯಸ್ಸು. ಇಂಥ ಒಂದು ಕ್ಲಬ್ಬು ಯಾವ ವರ್ಷ ಯಾವ ಲೀಗಿನಲ್ಲಿ ಆಡಿತು, ಎಷ್ಟನೇ ಸ್ಥಾನಕ್ಕೆ ಬಂತು ಎಂದು ಸಾಲಾಗಿ ಬರೆಯಲು ಹೊರಟವರು ಬಹುತೇಕ ಒಂದೇ ಕಡೆ ಎಡವುತ್ತಾರೆ: ಡಿವಿಷನ್ನಿನ ಹೆಸರನ್ನೇ ಅದರ ಮಟ್ಟ ಎಂದು ನಂಬುತ್ತಾರೆ. ವೇಲ್ಸ್‌ನಲ್ಲಿ ಹೆಸರು ಹಾಗೇ ಉಳಿದು ಮಟ್ಟ ಕುಸಿದದ್ದಿದೆ, ಮಟ್ಟ ಹಾಗೇ ಇದ್ದು ಹೆಸರು ಎರಡು ಸಲ ಬದಲಾದದ್ದೂ ಇದೆ. ಆದ್ದರಿಂದ ಹೆಸರಿಗೊಂದು ಕಾಲಂ, ಹಂತಕ್ಕೆ (ಮೇಲಿನಿಂದ ಎಷ್ಟನೇ ಮಟ್ಟ ಎಂಬುದಕ್ಕೆ) ಒಂದು ಕಾಲಂ. ಇವೆರಡನ್ನು ಎಂದೂ ಬೆರೆಸಬೇಡಿ.

ಮೊದಲು ಹಾಳೆ ಸಿದ್ಧಮಾಡಿ

ಒಂದು ಸೀಸನ್ನಿಗೆ ಒಂದು ಸಾಲು. ಕಾಲಂಗಳು ಹೀಗಿರಲಿ: ಸೀಸನ್, ಆಗಿನ ಕ್ಲಬ್ಬಿನ ಹೆಸರು, ಲೀಗ್, ಡಿವಿಷನ್, ಹಂತ, ಒಟ್ಟು ಕ್ಲಬ್ಬುಗಳು, ಸ್ಥಾನ, ಆಡಿದ್ದು, ಗೆದ್ದದ್ದು, ಡ್ರಾ, ಸೋತದ್ದು, ಹೊಡೆದ ಗೋಲು, ಬಿಟ್ಟುಕೊಟ್ಟ ಗೋಲು, ಅಂಕ, ಮುಂದಿನ ಸೀಸನ್ನಿಗೆ ಏನಾಯಿತು, ಯಾಕೆ, ಮಾಹಿತಿ ಎಲ್ಲಿಂದ. ಕೊನೆಯ ಕಾಲಂನಲ್ಲಿ ಪತ್ರಿಕೆಯ ಹೆಸರು, ತಾರೀಖು, ಪುಟ ಮೂರೂ ಬೇಕು. ಎರಡು ವರ್ಷದ ನಂತರ ಯಾರಾದರೂ ಪ್ರಶ್ನಿಸಿದಾಗ ಇದೊಂದೇ ನಿಮ್ಮನ್ನು ಕಾಯುತ್ತದೆ.

‘ಎಷ್ಟನೇ ಸ್ಥಾನ’ ಎಂಬುದಕ್ಕಿಂತ ‘ಎಷ್ಟರಲ್ಲಿ ಎಷ್ಟನೆಯದು’ ಮುಖ್ಯ. 18 ಕ್ಲಬ್ಬುಗಳಲ್ಲಿ ಎಂಟನೆಯದಾಗುವುದು ಬೇರೆ, 9ರಲ್ಲಿ ಎಂಟನೆಯದಾಗುವುದು ಬೇರೆ.

ಖಾಲಿ ಬಿಡುವ ಮುಂಚೆ ಯೋಚಿಸಿ. ‘ಆಡಲಿಲ್ಲ’ ಮತ್ತು ‘ಮಾಹಿತಿ ಸಿಕ್ಕಿಲ್ಲ’ ಒಂದೇ ಅಲ್ಲ. ಎರಡು ಮಹಾಯುದ್ಧಗಳ ಕಾಲದಲ್ಲಿ ವೆಲ್ಶ್ ಕಪ್ ಕೂಡ ನಿಂತಿತ್ತು. ಮೊದಲ ಸಲ 1915ರಿಂದ 1919, ಎರಡನೆಯ ಸಲ 1940ರಿಂದ 1946. ಹಾಗೆಂದು ಕ್ಲಬ್ಬು ಅಷ್ಟೂ ವರ್ಷ ಚೆಂಡು ಮುಟ್ಟಲಿಲ್ಲ ಎಂದು ಊಹಿಸಬಾರದು. ಆಯಾ ಊರಿನ ಪತ್ರಿಕೆ ನೋಡಿಯೇ ‘ಆಡಲಿಲ್ಲ’ ಎಂದು ತುಂಬಿ.

ಇಂದಿನಿಂದ ಹಿಂದಕ್ಕೆ ನಡೆಯಿರಿ

ಸ್ಥಾಪನೆಯ ವರ್ಷದಿಂದ ಶುರುಮಾಡಿದರೆ ಹತ್ತು ಸಾಲು ತುಂಬುವಷ್ಟರಲ್ಲಿ ಸಿಕ್ಕಿಹಾಕಿಕೊಳ್ಳುತ್ತೀರಿ. ಈಗಿನ ವ್ಯವಸ್ಥೆ ಸ್ಪಷ್ಟವಾಗಿದೆ. ಅಲ್ಲಿಂದ ಹಿಂದಕ್ಕೆ ಹೋಗಿ.

ಮೊದಲ ಹಂತ ಕಮ್ರಿ ಪ್ರೀಮಿಯರ್. ಇದು 1992–93ರಲ್ಲಿ ‘ಲೀಗ್ ಆಫ್ ವೇಲ್ಸ್’ ಆಗಿ 20 ಕ್ಲಬ್ಬುಗಳೊಂದಿಗೆ ಹುಟ್ಟಿತು. ಮೊದಲ ಚಾಂಪಿಯನ್ ಕುಂಬ್ರಾನ್ ಟೌನ್. 2002ರಲ್ಲಿ ‘ವೆಲ್ಶ್ ಪ್ರೀಮಿಯರ್ ಲೀಗ್’ ಆಯಿತು, 2019ರಲ್ಲಿ ಈಗಿನ ಹೆಸರು ಬಂತು. ಮೂರೂ ಒಂದೇ ಲೀಗ್. ಎರಡನೇ ಹಂತ 2019ರಿಂದ ಕಮ್ರಿ ನಾರ್ತ್ ಮತ್ತು ಕಮ್ರಿ ಸೌತ್. ಅದಕ್ಕೂ ಮುಂಚೆ ಉತ್ತರಕ್ಕೆ ಕಮ್ರಿ ಅಲೈಯನ್ಸ್, ದಕ್ಷಿಣಕ್ಕೆ ವೆಲ್ಶ್ ಫುಟ್ಬಾಲ್ ಲೀಗಿನ ಡಿವಿಷನ್ ಒನ್. ಮೂರನೇ ಹಂತ ಈಗ ಅರ್ದಾಲ್ ಲೀಗುಗಳು. ವೆಲ್ಶ್ ಭಾಷೆಯಲ್ಲಿ ಅರ್ದಾಲ್ ಎಂದರೆ ಪ್ರದೇಶ. ಈಶಾನ್ಯ, ವಾಯವ್ಯ, ಆಗ್ನೇಯ, ನೈಋತ್ಯ ಎಂದು ನಾಲ್ಕು. ಇವು 2020ರಲ್ಲಿ ಶುರುವಾಗಬೇಕಿತ್ತು. ಕೋವಿಡ್‌ನಿಂದಾಗಿ ಚೆಂಡು ಉರುಳಿದ್ದು 2021–22ರಲ್ಲಿ. ಕಮ್ರಿ ನಾರ್ತ್, ಕಮ್ರಿ ಸೌತ್ ಲೀಗುಗಳೂ 2020–21ರಲ್ಲಿ ನಡೆಯಲಿಲ್ಲ. ಆ ಸಾಲಿನಲ್ಲಿ ಹಿಂದಿನ ವರ್ಷದ ಸ್ಥಾನವನ್ನು ನಕಲು ಮಾಡಿಟ್ಟ ಪಟ್ಟಿಗಳು ಕಣ್ಣಿಗೆ ಬಿದ್ದರೆ ನಂಬಬೇಡಿ.

ಈಗ ಮುಖ್ಯ ವಿಚಾರ. ಪೋರ್ತ್‌ಮಾಡಾಗ್ ಕ್ಲಬ್ಬಿನ ಮೂವತ್ತು ವರ್ಷ ನೋಡಿ. 1990ರಲ್ಲಿ ಕಮ್ರಿ ಅಲೈಯನ್ಸ್ ಶುರುವಾದಾಗ ಅದರ ಸ್ಥಾಪಕ ಸದಸ್ಯ. 1992ರಲ್ಲಿ ಲೀಗ್ ಆಫ್ ವೇಲ್ಸ್‌ನ ಸ್ಥಾಪಕ ಸದಸ್ಯ. 1998ರಲ್ಲಿ ಇಳಿತ, 2003ರಲ್ಲಿ ಅಲೈಯನ್ಸ್ ಗೆದ್ದು ಮತ್ತೆ ಮೇಲಕ್ಕೆ, 2010ರಲ್ಲಿ ಮತ್ತೆ ಇಳಿತ, 2019ರಲ್ಲಿ ಕಮ್ರಿ ನಾರ್ತ್. ಇದನ್ನು ಹಂತದ ಕಾಲಂನಲ್ಲಿ ಹೇಗೆ ತುಂಬುತ್ತೀರಿ?

1990ರಿಂದ 1992ರವರೆಗಿನ ಎರಡು ಸೀಸನ್ನುಗಳಿಗೆ ‘2’ ಎಂದು ಬರೆಯುವುದು ತಪ್ಪು. ಆಗ ಮೇಲೆ ರಾಷ್ಟ್ರೀಯ ಲೀಗೇ ಇರಲಿಲ್ಲ. ‘1’ ಎಂದರೂ ತಪ್ಪು. ಅದು ವೇಲ್ಸ್‌ನ ಉತ್ತರ ಮತ್ತು ಮಧ್ಯ ಭಾಗಕ್ಕಷ್ಟೇ ಮೇಲಿನ ಲೀಗ್. ‘ಪ್ರಾದೇಶಿಕ ಮೇಲ್ಮಟ್ಟ’ ಎಂದು ಬರೆಯಿರಿ. 1992ರಲ್ಲಿ ಅಲೈಯನ್ಸ್‌ನಲ್ಲೇ ಉಳಿದ ಕ್ಲಬ್ಬುಗಳು ಒಂದೂ ಪಂದ್ಯ ಸೋಲದೆ ಒಂದು ಹಂತ ಕೆಳಗಾದವು. ಅದು ಇಳಿತವಲ್ಲ, ಮರುಜೋಡಣೆ. ‘ಯಾಕೆ’ ಕಾಲಂ ಇರುವುದು ಇಂಥದ್ದಕ್ಕೇ.

2019ರಲ್ಲಿ ದಕ್ಷಿಣದಲ್ಲೂ ಇದೇ ನಡೆಯಿತು. ಕಮ್ರಿ ಸೌತ್ ಬಂದಾಗ ವೆಲ್ಶ್ ಫುಟ್ಬಾಲ್ ಲೀಗಿನ ಡಿವಿಷನ್ ಒನ್ ಮೂರನೇ ಹಂತಕ್ಕೆ ಸರಿಯಿತು, ಹೆಸರು ಮಾತ್ರ ಡಿವಿಷನ್ ಒನ್ ಎಂದೇ ಉಳಿಯಿತು. ಒಂದೇ ವರ್ಷ ಅಷ್ಟೇ. 2020ರಲ್ಲಿ ಆ ಲೀಗೇ ಮುಗಿಯಿತು. 1904ರಲ್ಲಿ ರಿಮ್ನಿ ವ್ಯಾಲಿ ಲೀಗ್ ಆಗಿ ಹುಟ್ಟಿ, ಗ್ಲಮೋರ್ಗನ್ ಲೀಗ್ ಎನಿಸಿಕೊಂಡು, 1912ರಲ್ಲಿ ವೆಲ್ಶ್ ಫುಟ್ಬಾಲ್ ಲೀಗ್ ಆದ ಹಳೆಯ ಸಂಸ್ಥೆ ಅದು. 1980ರ ದಶಕದಲ್ಲಿ ಅದರ ‘ನ್ಯಾಷನಲ್’ ಮತ್ತು ‘ಪ್ರೀಮಿಯರ್’ ಡಿವಿಷನ್ನುಗಳ ಕೆಳಗೆ ‘ಡಿವಿಷನ್ ಒನ್’ ಇತ್ತು. ಹಾಗಾಗಿ ‘ಡಿವಿಷನ್ ಒನ್ ಚಾಂಪಿಯನ್’ ಎಂಬ ಫಲಕ ಕಂಡರೆ ಮೊದಲು ಇಸವಿ ನೋಡಿ, ಆಮೇಲೆ ಹಂತ ಬರೆಯಿರಿ.

ಉತ್ತರದಲ್ಲಿ ಇನ್ನೊಂದು ಬಲೆ: ‘ವೆಲ್ಶ್ ಲೀಗ್’ ಎಂದಷ್ಟೇ ಬರೆದ ವರದಿ. ಬರೀ ‘ವೆಲ್ಶ್ ಲೀಗ್’ ಎಂದರೆ ಸಾಮಾನ್ಯವಾಗಿ ದಕ್ಷಿಣದ್ದು. ಉತ್ತರದ್ದು ‘ವೆಲ್ಶ್ ಲೀಗ್ ನಾರ್ತ್’. ಅದು 1984ರಲ್ಲಿ ವೆಲ್ಶ್ ಅಲೈಯನ್ಸ್ ಆಯಿತು. ವೆಲ್ಶ್ ಅಲೈಯನ್ಸ್ ಮತ್ತು ಕಮ್ರಿ ಅಲೈಯನ್ಸ್ ಬೇರೆ ಬೇರೆ ಲೀಗುಗಳು, ಮೊದಲನೆಯದು ಎರಡನೆಯದರ ಕೆಳಗಿನದು. ಕಮ್ರಿ ಎಂದರೆ ವೇಲ್ಸ್ ಎಂದೇ ಅರ್ಥವಾದ್ದರಿಂದ ಅನುವಾದಿಸಲು ಹೋಗಿ ಎರಡನ್ನೂ ಒಂದಾಗಿಸುವವರು ಬಹಳ.

ಗಡಿಯಾಚೆ ಆಡಿದ ವರ್ಷಗಳು

1992ಕ್ಕೆ ಮುಂಚೆ ಸ್ವಲ್ಪ ಬಲವಿದ್ದ ವೆಲ್ಶ್ ಕ್ಲಬ್ಬುಗಳು ಇಂಗ್ಲೆಂಡಿನ ಲೀಗುಗಳಲ್ಲಿ ಆಡುತ್ತಿದ್ದದ್ದು ಸಾಮಾನ್ಯ. 1962ರಲ್ಲಿ ನಾಪೊಲಿಯನ್ನು 2–0ರಿಂದ ಸೋಲಿಸಿದಾಗ ಬ್ಯಾಂಗರ್ ಸಿಟಿ ಇದ್ದದ್ದು ಚೆಷೈರ್ ಕೌಂಟಿ ಲೀಗಿನಲ್ಲಿ. ಅದೇ ಕ್ಲಬ್ಬು 1968ರಲ್ಲಿ ನಾರ್ದರ್ನ್ ಪ್ರೀಮಿಯರ್ ಲೀಗಿನ, 1979ರಲ್ಲಿ ಅಲೈಯನ್ಸ್ ಪ್ರೀಮಿಯರ್ ಲೀಗಿನ ಸ್ಥಾಪಕ ಸದಸ್ಯ. ಇಂಥ ಸೀಸನ್ನುಗಳ ಹಂತವನ್ನು ಇಂಗ್ಲೆಂಡಿನ ಪಿರಮಿಡ್ಡಿನ (ಒಂದರ ಕೆಳಗೊಂದು ಲೀಗುಗಳ ಶ್ರೇಣಿಯ) ಲೆಕ್ಕದಲ್ಲಿ ಬರೆದು, ಸಂಖ್ಯೆಯ ಪಕ್ಕ ‘ಇಂ’ ಎಂದು ಗುರುತು ಹಾಕಿ. ಇಂಗ್ಲೆಂಡಿನ ಐದನೇ ಹಂತದಿಂದ ವೇಲ್ಸ್‌ನ ಮೊದಲ ಹಂತಕ್ಕೆ ಬಂದದ್ದನ್ನು ‘ನಾಲ್ಕು ಹಂತದ ಬಡ್ತಿ’ ಎಂದು ಬರೆದರೆ ಚರಿತ್ರೆ ಕೆಡುತ್ತದೆ.

1992ರ ಗಲಾಟೆ ನಿಮ್ಮ ಕ್ಲಬ್ಬಿಗೂ ತಟ್ಟಿದೆಯೇ ನೋಡಿ. ಹೊಸ ಲೀಗಿಗೆ ಬರಲೊಪ್ಪದೆ ಇಂಗ್ಲೆಂಡಿನ ಲೀಗಿನಲ್ಲೇ ಉಳಿದ ಕೆಲವು ಕ್ಲಬ್ಬುಗಳು ತವರಿನ ಪಂದ್ಯಗಳನ್ನೂ ಇಂಗ್ಲೆಂಡಿನ ನೆಲದಲ್ಲಿ ಆಡಬೇಕಾಯಿತು. ಬ್ಯಾರಿ ಟೌನ್ ಒಂದು ಸೀಸನ್ ವೂಸ್ಟರ್‌ನಲ್ಲಿ ‘ಬ್ಯಾರಿ’ಯ ವೆಲ್ಶ್ ಕಾಗುಣಿತದ ಹೆಸರಿನಲ್ಲಿ ಆಡಿ 1993ರಲ್ಲಿ ಮರಳಿತು. ಕೈರ್‌ನಾರ್ವನ್ ಟೌನ್ 1995ರ ಹೊತ್ತಿಗೆ ಬಂತು. ಕಾಲ್ವಿನ್ ಬೇ 2019ರವರೆಗೂ ಇಂಗ್ಲೆಂಡಿನ ಲೀಗುಗಳಲ್ಲೇ ಇತ್ತು. ಈ ವರ್ಷಗಳಿಗೆ ‘ತವರು ಮೈದಾನ’ ಎಂಬ ಹೆಚ್ಚುವರಿ ಕಾಲಂ ಬೇಕು. ಇಲ್ಲದಿದ್ದರೆ ತವರಿನ ದಾಖಲೆ ಯಾಕೆ ಅಷ್ಟು ಬಡವಾಗಿದೆ ಎಂದು ಓದುಗರಿಗೆ ಅರ್ಥವಾಗುವುದಿಲ್ಲ.

ಪತ್ರಿಕೆಗಳಲ್ಲಿ ಹುಡುಕುವುದು

1919ರವರೆಗಿನ ಕಾಲಕ್ಕೆ ಅಬೆರಿಸ್ಟ್‌ವಿತ್‌ನಲ್ಲಿರುವ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದ ‘ವೆಲ್ಶ್ ನ್ಯೂಸ್‌ಪೇಪರ್ಸ್ ಆನ್‌ಲೈನ್’ ಉಚಿತ. ಆಮೇಲಿನದಕ್ಕೆ ಹಣ ಕೊಟ್ಟು ನೋಡುವ ಬ್ರಿಟಿಷ್ ನ್ಯೂಸ್‌ಪೇಪರ್ ಆರ್ಕೈವ್, ಅಥವಾ ಗ್ರಂಥಾಲಯ ಮತ್ತು ಕೌಂಟಿ ದಾಖಲೆ ಕಚೇರಿಗಳ ಮೈಕ್ರೋಫಿಲ್ಮ್.

ಹುಡುಕುವಾಗ ಹಳೆಯ ಕಾಗುಣಿತ ಹಾಕದಿದ್ದರೆ ಅರ್ಧ ವಸ್ತು ಸಿಗುವುದೇ ಇಲ್ಲ. ಪೋರ್ತ್‌ಮಾಡಾಗ್ ಹಳೆಯ ಪತ್ರಿಕೆಗಳಲ್ಲಿ ನಡುವಿನ ‘ಎಚ್’ ಇಲ್ಲದೆ, ಕೊನೆಗೆ ‘ಜಿ’ ಬದಲು ‘ಸಿ’ ಇಟ್ಟುಕೊಂಡು ಬರುತ್ತದೆ. ಲ್ಲಾನೆಲ್ಲಿಯ ಕೊನೆಗೆ ‘ಐ’ ಬದಲು ‘ವೈ’. ಕೈರ್‌ನಾರ್ವನ್‌ನಲ್ಲಿ ‘ಎಫ್’ ಬದಲು ‘ವಿ’, ಕೆಲವೊಮ್ಮೆ ಮೊದಲ ‘ಇ’ ಕೂಡ ಇರುವುದಿಲ್ಲ. ಕಾನ್ವಿಗೆ ಒಂದು ‘ಎ’ ಹೆಚ್ಚು. ಇಷ್ಟಾದರೂ ಸಿಗದಿದ್ದರೆ ಎದುರಾಳಿಯ ಹೆಸರಿನಿಂದ ಹುಡುಕಿ. ಸ್ಕ್ಯಾನ್ ಪುಟ ಓದುವ ಯಂತ್ರ ನಿಮ್ಮ ಊರಿನ ಹೆಸರನ್ನು ತಪ್ಪಾಗಿ ಓದಿದ್ದರೂ ಪಕ್ಕದೂರಿನದನ್ನು ಸರಿಯಾಗಿ ಓದಿರಬಹುದು.

ದಕ್ಷಿಣ ವೇಲ್ಸ್‌ನ ಹಳೆಯ ಪತ್ರಿಕೆಗಳಲ್ಲಿ ‘ಫುಟ್ಬಾಲ್’ ಎಂದರೆ ಬಹಳ ಸಲ ರಗ್ಬಿ. ‘ಒಂದು ಗೋಲು, ಎರಡು ಟ್ರೈ’ ಎಂಬಂಥ ಲೆಕ್ಕ ಕಂಡರೆ ಅದು ನಿಮ್ಮ ಕ್ಲಬ್ಬಲ್ಲ. ‘ಅಸೋಸಿಯೇಷನ್’ ಎಂಬ ಪದವಿರುವ ತಲೆಬರಹವನ್ನೇ ಹಿಡಿಯಿರಿ. ಹಾಗೆಯೇ ಫಲಿತಾಂಶದಲ್ಲಿ ಮೊದಲು ಬರೆದ ತಂಡ ತವರಿನದೇ ಎಂದು ತಿಳಿಯಬೇಡಿ. ಗೆದ್ದವರನ್ನು ಮೊದಲು ಹಾಕುವ ರೂಢಿಯೂ ಇತ್ತು. ಪಂದ್ಯ ಎಲ್ಲಿ ನಡೆಯಿತು ಎಂಬುದು ವರದಿಯ ಒಳಗಿರುತ್ತದೆ.

ಪತ್ರಿಕೆಯಲ್ಲಿ ಸಿಗುವ ಏಪ್ರಿಲ್ ಕೊನೆಯ ಅಂಕಪಟ್ಟಿ ಅಂತಿಮವಲ್ಲ. ಅದಾದ ಮೇಲೂ ಬಾಕಿ ಪಂದ್ಯಗಳು ಸಂಜೆಹೊತ್ತು ನಡೆಯುತ್ತಿದ್ದವು, ಅಷ್ಟರಲ್ಲಿ ಕ್ರಿಕೆಟ್ ಪುಟ ಆಕ್ರಮಿಸಿರುತ್ತಿತ್ತು. ಜೂನ್–ಜುಲೈನ ಲೀಗ್ ವಾರ್ಷಿಕ ಸಭೆಯ ವರದಿ ನೋಡಿ. ಪ್ರಶಸ್ತಿ, ಏರಿಕೆ, ರಾಜೀನಾಮೆ, ಹೊಸ ಸೇರ್ಪಡೆ ಎಲ್ಲ ಅಲ್ಲಿರುತ್ತವೆ. ಮುಂದಿನ ಆಗಸ್ಟಿನ ವೇಳಾಪಟ್ಟಿ ಇನ್ನೊಂದು ಸಾಕ್ಷಿ.

ಅಂಕಪಟ್ಟಿಯನ್ನು ಕೂಡಿಸಿ ನೋಡಿ

ಅಚ್ಚಾದ ಪಟ್ಟಿಯನ್ನು ಹಾಗೇ ಇಳಿಸಿಕೊಳ್ಳಬೇಡಿ. 12 ಕ್ಲಬ್ಬುಗಳು ತವರು–ಹೊರಗೆ ಆಡಿದರೆ ತಲಾ 22, ಒಟ್ಟು 132 ಪಂದ್ಯ. ಎಲ್ಲರ ಗೆಲುವಿನ ಮೊತ್ತ ಎಲ್ಲರ ಸೋಲಿನ ಮೊತ್ತಕ್ಕೆ ಸಮ ಬರಬೇಕು. ಡ್ರಾಗಳ ಮೊತ್ತ ಸಮಸಂಖ್ಯೆಯಾಗಬೇಕು. ಹೊಡೆದ ಗೋಲು, ಬಿಟ್ಟ ಗೋಲು ಎರಡರ ಮೊತ್ತ ಒಂದೇ ಆಗಬೇಕು. ಗೆಲುವಿಗೆ 2 ಅಂಕವಿದ್ದ ಕಾಲದಲ್ಲಿ ಒಟ್ಟು ಅಂಕ 264. 3 ಅಂಕದ ಕಾಲದಲ್ಲಿ 396ರಲ್ಲಿ ಡ್ರಾ ಆದ ಪಂದ್ಯಗಳನ್ನು ಕಳೆದರೆ ಬರುವಷ್ಟು. ಇಂಗ್ಲೆಂಡಿನ ಫುಟ್ಬಾಲ್ ಲೀಗ್ 1981ರಲ್ಲಿ 3 ಅಂಕಕ್ಕೆ ಬದಲಾಯಿತು. ಆ ವರ್ಷವನ್ನೇ ನಿಮ್ಮ ಲೀಗಿಗೂ ಅಂಟಿಸಬೇಡಿ. ಒಂದು ಸಾಲು ಸಾಕು, ಪತ್ತೆಯಾಗುತ್ತದೆ: 11 ಗೆಲುವು, 5 ಡ್ರಾ, 6 ಸೋಲಿಗೆ 27 ಅಂಕ ಇದ್ದರೆ ಎರಡಂಕದ ಕಾಲ, 38 ಇದ್ದರೆ ಮೂರಂಕದ ಕಾಲ. 25 ಇದ್ದರೆ ಅಚ್ಚಿನ ತಪ್ಪು, ಇಲ್ಲವೇ ನೋಂದಣಿಯಾಗದ ಆಟಗಾರನನ್ನು ಆಡಿಸಿದಂಥ ತಪ್ಪಿಗೆ 2 ಅಂಕ ಕಡಿತ. ಯಾವುದೆಂದು ತಿಳಿಯುವವರೆಗೆ ತಿದ್ದಬೇಡಿ.

ಮೊತ್ತ ಕೂಡದಿರಲು ಮಾಮೂಲಿ ಕಾರಣಗಳು ಕೆಲವಿವೆ. ನಡುವೆ ಹಿಂದೆ ಸರಿದ ಕ್ಲಬ್ಬಿನ ಫಲಿತಾಂಶಗಳನ್ನು ಕೆಲವು ಸಾಲುಗಳಿಂದ ತೆಗೆದು ಕೆಲವದರಲ್ಲಿ ಬಿಟ್ಟಿರುತ್ತಾರೆ. ಎದುರಾಳಿ ಬಾರದೆ ಸಿಕ್ಕ ಗೆಲುವಿಗೆ ಅಂಕವಿರುತ್ತದೆ, ಗೋಲು ಇರುವುದಿಲ್ಲ. ಸೀಸನ್ ಮುಗಿಸುವ ಅವಸರದಲ್ಲಿ ಎರಡು ಪಂದ್ಯಗಳ ಅಂಕವನ್ನು ಒಂದೇ ಪಂದ್ಯಕ್ಕೆ ಕಟ್ಟಿದ್ದೂ ಸ್ಥಳೀಯ ಲೀಗುಗಳಲ್ಲಿ ಉಂಟು. ಸ್ಕ್ಯಾನ್ ಪ್ರತಿಯಾದರೆ 3 ಮತ್ತು 8 ಅದಲುಬದಲಾಗಿವೆಯೇ ನೋಡಿ.

ಸಮ ಅಂಕ ಬಂದಾಗ ಹಳೆಯ ಕಾಲದಲ್ಲಿ ಗೋಲು ಅಂತರವಲ್ಲ, ಗೋಲು ಸರಾಸರಿ (ಹೊಡೆದದ್ದನ್ನು ಬಿಟ್ಟದ್ದರಿಂದ ಭಾಗಿಸಿದ್ದು) ನೋಡುತ್ತಿದ್ದರು. 60 ಹೊಡೆದು 30 ಬಿಟ್ಟ ತಂಡದ ಸರಾಸರಿ 2.00, 80 ಹೊಡೆದು 45 ಬಿಟ್ಟದ್ದಕ್ಕೆ 1.78. ಅಂತರದ ಲೆಕ್ಕದಲ್ಲಿ ಎರಡನೆಯದೇ ಮುಂದೆ. ಆದ್ದರಿಂದ ಹಳೆಯ ಪಟ್ಟಿಯ ಕ್ರಮವನ್ನು ಇಂದಿನ ನಿಯಮಕ್ಕೆ ಬಗ್ಗಿಸಬೇಡಿ. ಕಂಪ್ಯೂಟರಿನಲ್ಲಿ ಅಂಕದ ಪ್ರಕಾರ ಜೋಡಿಸುವುದೂ ಅಪಾಯ. 2010–11ರಿಂದ 12 ಕ್ಲಬ್ಬುಗಳಾದ ಮೊದಲ ಹಂತ 22 ಪಂದ್ಯಗಳ ನಂತರ ಮೇಲಿನ ಆರು, ಕೆಳಗಿನ ಆರು ಎಂದು ಎರಡು ಗುಂಪಾಗಿ ಒಡೆಯುತ್ತಿತ್ತು, ತಲಾ ಇನ್ನೂ 10 ಪಂದ್ಯ. ಆಗ ಏಳನೆಯ ತಂಡಕ್ಕೆ ಆರನೆಯದಕ್ಕಿಂತ ಹೆಚ್ಚು ಅಂಕ ಬಂದರೂ ಅದು ಏಳನೆಯದೇ.

‘ಯಾಕೆ’ ಕಾಲಂ

ಮೈದಾನದಲ್ಲಿ ಗೆದ್ದದ್ದು, ಕಾಗದದಲ್ಲಿ ಸೋತದ್ದು ವೇಲ್ಸ್‌ನಲ್ಲಿ ಹಲವು ಸಲ ಆಗಿದೆ. 2017–18ರಲ್ಲಿ ಬ್ಯಾಂಗರ್ ಸಿಟಿ ಮೊದಲ ಹಂತದಲ್ಲಿ ಎರಡನೆಯದಾಗಿ ಮುಗಿಸಿಯೂ ಆ ಹಂತದಲ್ಲಿ ಆಡಲು ಬೇಕಾದ ಪರವಾನಗಿ ಸಿಗದೆ ಕೆಳಗಿಳಿಯಿತು. 2010ರಲ್ಲಿ 18 ಕ್ಲಬ್ಬುಗಳು 12ಕ್ಕೆ ಇಳಿದಾಗ ಆರು ಹೊರಬಿದ್ದವು, ಒಂದೂ ಒಳಬರಲಿಲ್ಲ. ಆ ಆರರಲ್ಲಿ ರಿಲ್ ಹೊರಬಿದ್ದದ್ದು ಪರವಾನಗಿಯಿಂದ. 2019–20 ಕೋವಿಡ್‌ನಿಂದ ಅರ್ಧಕ್ಕೆ ನಿಂತು, ಸ್ಥಾನಗಳನ್ನು ಪಂದ್ಯಕ್ಕೆ ಸರಾಸರಿ ಅಂಕದಿಂದ ನಿರ್ಧರಿಸಿದರು. ಕಮ್ರಿ ನಾರ್ತ್‌ನಲ್ಲಿ ಮೊದಲು ಬಂದ ಪ್ರೆಸ್ಟಾಟಿನ್ ಬದಲು ಫ್ಲಿಂಟ್ ಟೌನ್ ಯುನೈಟೆಡ್ ಮೇಲೆ ಹೋಯಿತು. ಇಂಥ ಸಾಲಿನಲ್ಲಿ ಬರೀ ‘ಇಳಿತ’, ‘ಬಡ್ತಿ’ ಎಂದು ಬರೆದರೆ ಆಟಗಾರರಿಗೆ ಅನ್ಯಾಯ. ‘2ನೇ ಸ್ಥಾನ, ಪರವಾನಗಿ ಇಲ್ಲದೆ ಇಳಿತ’ ಎಂದೇ ಬರೆಯಿರಿ.

ಹೆಸರಿನ ವಿಷಯದಲ್ಲೂ ಇದೇ ಎಚ್ಚರ ಬೇಕು. ಲ್ಲಾನ್‌ಸಂತ್‌ಫ್ರೈಡ್ ಎಂಬ ಹಳ್ಳಿಯ ಕ್ಲಬ್ಬು ಪ್ರಾಯೋಜಕರ ಹೆಸರು ಹೊತ್ತು ಟೋಟಲ್ ನೆಟ್‌ವರ್ಕ್ ಸೊಲ್ಯೂಷನ್ಸ್ ಆಯಿತು, 2003ರಲ್ಲಿ ಆಸ್ವೆಸ್ಟ್ರಿ ಟೌನ್ ಜೊತೆ ಸೇರಿತು, 2006ರಲ್ಲಿ ದ ನ್ಯೂ ಸೇಂಟ್ಸ್ ಆಯಿತು. ಅದು ಒಂದೇ ಎಳೆ. ರಿಲ್ ಕ್ಲಬ್ಬು 2020ರಲ್ಲಿ ಮುಚ್ಚಿತು. ಅದರ ಜಾಗದಲ್ಲಿ ಅಭಿಮಾನಿಗಳು ಕಟ್ಟಿದ್ದು ಹೊಸ ಕ್ಲಬ್ಬು. ಅಲ್ಲಿ ಪಟ್ಟಿಯಲ್ಲಿ ಒಂದು ಗೆರೆ ಎಳೆದು ಹೊಸ ಸಾಲು ಶುರುಮಾಡಿ. ಎರಡನ್ನೂ ಒಂದೇ ಪುಟದಲ್ಲಿ ಇಡಬಹುದು, ಆದರೆ ಒಟ್ಟು ಪಂದ್ಯ, ಒಟ್ಟು ಗೋಲುಗಳ ಮೊತ್ತವನ್ನು ಆ ಗೆರೆ ದಾಟಿಸಿ ಕೂಡಿಸಬೇಡಿ.