ಆರ್ಡರ್ ‘ಹೋಲ್ಡ್’ ಆಯಿತು, ಆರು ಜನರ ಕೆಲಸ ಹೋಯಿತು

2018ರ ಕೊನೆಯಲ್ಲಿ ಪೀಣ್ಯದಲ್ಲಿ ಬಿಡಿಭಾಗ ಮಾಡುವ ನಮ್ಮ ಶೆಡ್ಡಿಗೆ ಒಂದು ಫೋನ್ ಬಂತು. “ಸಾರ್, ಆ ಬ್ರಾಕೆಟ್ ಸದ್ಯಕ್ಕೆ ಹೋಲ್ಡ್ ಮಾಡಿ. ಮೇಲಿಂದ ಶೆಡ್ಯೂಲ್ ಬಂದಿಲ್ಲ.” ಅಷ್ಟೇ. ರದ್ದಾಗಿದೆ ಅಂತ ಯಾರೂ ಹೇಳಲಿಲ್ಲ.

ಆಗ ನಮ್ಮಲ್ಲಿ 17 ಜನ ಇದ್ದರು. ಮುಕ್ಕಾಲು ಪಾಲು ಕೆಲಸ ರಕ್ಷಣಾ ಇಲಾಖೆಯದು. ನಾವು ಮಾಡಿದ ಮಾಲು ಒಂದು ಖಾಸಗಿ ಕಂಪನಿಗೆ, ಅಲ್ಲಿಂದ ಸರ್ಕಾರಿ ಕಾರ್ಖಾನೆಗೆ, ಅಲ್ಲಿಂದ ಸೇನೆಗೆ ಹೋಗುತ್ತಿತ್ತು. ಆ ಬ್ರಾಕೆಟ್ ಅಂಗೈ ಅಗಲ ಇರುತ್ತೆ. ಐದು ತೂತು, ಅದರಲ್ಲಿ ಎರಡಕ್ಕೆ 20 ಮೈಕ್ರಾನ್ ಟಾಲರೆನ್ಸ್, ಅಂದರೆ ಅಳತೆ ಕೂದಲೆಳೆಯಷ್ಟೂ ಆಚೀಚೆ ಆಗಬಾರದು. ಡೀಬರಿಂಗ್, ಅಂದರೆ ಅಂಚಿನ ಚೂಪು ಮುಳ್ಳು ತೆಗೆಯೋದು, ಕೈಯಲ್ಲೇ ಮಾಡಬೇಕು. ಗೀರು ಬಿದ್ದರೂ ರಿಜೆಕ್ಟ್. ಡ್ರಾಯಿಂಗ್ ಆರ್ಡರ್ ಕೊಟ್ಟವರದು, ಮೆಟೀರಿಯಲ್ಲೂ ಅವರದೇ. ಇದನ್ನು ಬೇರೆ ಯಾರಿಗೂ ಮಾರೋಕಾಗಲ್ಲ. ಇಡೀ ದೇಶದಲ್ಲಿ ಕೊನೆಗೆ ಕೊಳ್ಳುವವರು ಒಬ್ಬರೇ, ಸರ್ಕಾರ. ಅವರು ಕೈ ಬಿಗಿ ಹಿಡಿದರೆ ನಮಗೆ ಹೋಗೋಕೆ ಇನ್ನೊಂದು ಬಾಗಿಲಿಲ್ಲ. ಅದಕ್ಕೇ ಇಲ್ಲಿ ಹೋದ ಕೆಲಸಕ್ಕೆ ಸರ್ಕಾರವೂ ಹೊಣೆ ಅಂತ ನಾನು ಹೇಳೋದು.

2019ರ ಜನವರಿಯಲ್ಲಿ ಎಚ್‌ಎಎಲ್ ಸಂಬಳ ಕೊಡೋಕೆ ಬ್ಯಾಂಕಿನಿಂದ ಸಾಲ ತೆಗೆದಿದೆ ಅಂತ ಪೇಪರಿನಲ್ಲಿ ಬಂತು. ವಾಯುಪಡೆಯಿಂದ ಬರಬೇಕಾದ ಹಣ ಬಾಕಿ ಇತ್ತು. ನಮ್ಮ ಗ್ರಾಹಕ ಬೇರೆ. ಆದರೂ ಆ ಸುದ್ದಿ ಓದಿದ ದಿನ ನನಗೆ ಖಾತ್ರಿಯಾಯಿತು. ಅಷ್ಟು ದೊಡ್ಡವರಿಗೇ ಹೀಗಾದರೆ ಮೂರನೇ ಮೆಟ್ಟಿಲಲ್ಲಿರುವ ನಾವು ತಡೆಯೋದಿಲ್ಲ. ದೊಡ್ಡವರಿಗೆ ಬ್ಯಾಂಕು ಸಾಲ ಕೊಡುತ್ತೆ. ನಮಗೆ ಇದ್ದ ಸಾಲದ ಕಂತು ಕಟ್ಟು ಅನ್ನುತ್ತೆ.

ನಾಲ್ಕು ತಿಂಗಳು ಎಲ್ಲರನ್ನೂ ಇಟ್ಟುಕೊಂಡೆ. ಆಮೇಲೆ ಆರು ಜನರನ್ನು ಬಿಡಬೇಕಾಯಿತು. ‘ನಾಳೆಯಿಂದ ಬರಬೇಡಿ’ ಅನ್ನೋದು ಪೀಣ್ಯದಲ್ಲಿ ಜಾಸ್ತಿ ನಡೆಯುತ್ತೆ. ನಾನು ಹಾಗೆ ಮಾಡಲಿಲ್ಲ. ಮೊದಲು, ಹೋಲ್ಡ್ ಅಂದ ಕಂಪನಿಯಿಂದ ಅದನ್ನು ಇಮೇಲಿನಲ್ಲಿ ಬರೆಸಿಕೊಂಡೆ. ಇದಕ್ಕೆ ಮೂರು ವಾರ ಹಿಡಿಯಿತು. ಆ ಒಂದು ಸಾಲು ಇಲ್ಲದಿದ್ದರೆ ಕೆಲಸ ಹೋಗಿದ್ದು ಆ ಆರ್ಡರ್ ನಿಂತಿದ್ದರಿಂದ ಅಂತ ಯಾರಿಗೂ ತೋರಿಸೋಕಾಗಲ್ಲ. ಅದನ್ನು ಪಿಓ (ಖರೀದಿ ಆದೇಶ), ರೂಟ್ ಕಾರ್ಡ್ (ಮಾಲು ಯಾವ ಯಾವ ಹಂತ ದಾಟಿತು ಅನ್ನೋ ಚೀಟಿ), ಹಾಜರಿ ಪುಸ್ತಕದ ಜೊತೆ ಒಂದೇ ಫೈಲಿನಲ್ಲಿಟ್ಟೆ.

ಆಗ ಇದ್ದದ್ದು 1947ರ ಕೈಗಾರಿಕಾ ವಿವಾದ ಕಾಯ್ದೆ. ಒಂದು ವರ್ಷ ದುಡಿದವರಿಗೆ ಕಾರಣ ಬರೆದು ಒಂದು ತಿಂಗಳ ನೋಟಿಸ್ ಕೊಡಬೇಕು. ದುಡಿದ ಪ್ರತಿ ವರ್ಷಕ್ಕೆ 15 ದಿನದ ಸಂಬಳ ಕೊಡಬೇಕು. ಕೊನೆಗೆ ಸೇರಿದವರು ಮೊದಲು ಹೋಗಬೇಕು. ಲೆಕ್ಕವನ್ನು ಒಬ್ಬೊಬ್ಬರ ಮುಂದೆ ಕೂತು ಮಾಡಿದೆ. ಹಾಸನದ ಕಡೆಯ ಹುಡುಗನೊಬ್ಬ ಹಾಳೆ ನೋಡಲೇ ಇಲ್ಲ. ಜೇಬಿನಿಂದ ತೂತಿನ ಅಳತೆ ನೋಡುವ ಪ್ಲಗ್ ಗೇಜ್ ತೆಗೆದು, ಬನಿಯನ್ ವೇಸ್ಟ್ ಬಟ್ಟೆಯಲ್ಲಿ ಎಣ್ಣೆ ಒರೆಸಿ, ಮೇಜಿನ ಮೇಲಿಟ್ಟ.

ಆಮೇಲಿನ ಓಡಾಟ ಇಎಸ್‌ಐ, ಅಂದರೆ ಕಾರ್ಮಿಕರ ವಿಮೆಯ ಆಫೀಸಿಗೆ. 2018ರಲ್ಲಿ ಅಟಲ್ ಬೀಮಿತ್ ವ್ಯಕ್ತಿ ಕಲ್ಯಾಣ್ ಯೋಜನೆ ಬಂದಿತ್ತು. ಕೆಲಸ ಹೋದವರಿಗೆ ದಿನದ ಸಂಬಳದ ಸರಾಸರಿಯಲ್ಲಿ 25%, ಅದೂ 90 ದಿನಕ್ಕೆ, ಜೀವಮಾನದಲ್ಲಿ ಒಂದೇ ಸಲ. ಕೆಲಸ ಬಿಟ್ಟು 90 ದಿನ ಕಾಯಬೇಕಿತ್ತು. ಅರ್ಜಿಯನ್ನು ಮಾಲೀಕನೇ ಕಳಿಸಬೇಕಿತ್ತು. 2020ರಲ್ಲಿ ಅದು 50% ಆಯಿತು, ಕಾಯುವುದು 30 ದಿನಕ್ಕೆ ಇಳಿಯಿತು, ಕಾರ್ಮಿಕರೇ ನೇರವಾಗಿ ಅರ್ಜಿ ಹಾಕುವ ಹಾಗಾಯಿತು. ನಮ್ಮವರಿಗೆ ಅದು ತಡವಾಗಿ ಬಂತು.

ಅಲ್ಲಿ ನನ್ನ ಕಣ್ಣಿಗೆ ಬಿದ್ದ ತೊಡಕು ಹೇಳಲೇಬೇಕು. ಕಾಯ್ದೆ ಹೊಸಬರನ್ನು ಮೊದಲು ಬಿಡು ಅನ್ನುತ್ತಿತ್ತು. ಯೋಜನೆ ಎರಡು ವರ್ಷ ಇಎಸ್‌ಐ ಕಟ್ಟಿದವರಿಗೆ ಮಾತ್ರ ಅನ್ನುತ್ತಿತ್ತು. ಹೊಸಬರು ಎರಡರ ನಡುವೆ ಬೀಳುತ್ತಿದ್ದರು. ಹಿಂದಿನ ಕೆಲಸದಲ್ಲಿ ಕಟ್ಟಿದ್ದೂ ಲೆಕ್ಕಕ್ಕೆ ಬರುತ್ತಿತ್ತು, ಆದರೆ ಇಎಸ್‌ಐ ನಂಬರ್ ಒಂದೇ ಇರಬೇಕಿತ್ತು. ಒಬ್ಬನಿಗೆ ಎರಡು ನಂಬರ್ ಇತ್ತು. ಅದನ್ನು ಒಂದು ಮಾಡಿಸೋಕೆ ಐದು ಸಲ ಹೋದೆವು. ಆರು ಜನರಲ್ಲಿ ಮೂವರಿಗೆ ಹಣ ಬಂತು.

ಈಗ 2025ರ ನವೆಂಬರ್ 21ರಿಂದ ಹೊಸ ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ಬಿಡುವ ಪ್ರತಿ ಕಾರ್ಮಿಕರಿಗೆ ಪರಿಹಾರದ ಮೇಲೆ ಹೆಚ್ಚುವರಿ 15 ದಿನದ ಸಂಬಳ, ಹೊಸ ಕೆಲಸ ಕಲಿಯೋಕೆ. ಒಳ್ಳೆಯದೇ. ಆದರೆ ಅದನ್ನೂ ಕಟ್ಟಬೇಕಾದವನು ಮಾಲೀಕನೇ. ಆರ್ಡರ್ ನಿಲ್ಲಿಸಿದವರ ಪಾಲು ಎಲ್ಲಿ? ಅಮೆರಿಕದ ರಕ್ಷಣಾ ಇಲಾಖೆ, ತನ್ನ ತೀರ್ಮಾನದಿಂದ ಪೆಟ್ಟು ತಿಂದ ಊರುಗಳಿಗೆ ನೆರವಾಗೋಕೆ 1961ರಲ್ಲೇ ಒಂದು ಕಚೇರಿ ತೆರೆದಿತ್ತು. ಸೇನೆಗೆ ಏನು ಬೇಕು, ಎಷ್ಟು ಬೇಕು ಅನ್ನೋದು ಸರ್ಕಾರದ ಮಾತು, ಅದನ್ನು ನಾನು ಪ್ರಶ್ನಿಸಲ್ಲ. ನಿಲ್ಲಿಸುವುದಿದ್ದರೆ ಆರು ತಿಂಗಳು ಮೊದಲು ಕೊನೆಯ ಶೆಡ್ಡಿನ ತನಕ ಬರೆದು ತಿಳಿಸಿ, ಬಿಟ್ಟ ಕಾರ್ಮಿಕರ ಲೆಕ್ಕ ಇಡಿ, ಪರಿಹಾರದಲ್ಲಿ ಒಂದು ಪಾಲು ಹೊರಿ ಅಂತ ಕೇಳುತ್ತೇನೆ.

2021ರ ಫೆಬ್ರವರಿಯಲ್ಲಿ ಯಲಹಂಕದ ಏರ್‌ಶೋದಲ್ಲಿ 83 ತೇಜಸ್ ವಿಮಾನಗಳಿಗೆ ಸುಮಾರು 48 ಸಾವಿರ ಕೋಟಿಯ ಒಪ್ಪಂದ ಆಯಿತು. ಅದೇ ವರ್ಷ ನಮಗೂ ಸ್ವಲ್ಪ ಕೆಲಸ ಬಂತು. ಬಿಟ್ಟವರನ್ನೇ ಮೊದಲು ಕರೆಯಬೇಕು ಅಂತ ಕಾಯ್ದೆಯಲ್ಲೂ ಇತ್ತು, ನನ್ನ ಮನಸ್ಸಲ್ಲೂ ಇತ್ತು. ಆರೂ ಜನರಿಗೆ ಫೋನ್ ಮಾಡಿದೆ. ಇಬ್ಬರು ಬಂದರು. ಹಾಸನದ ಹುಡುಗ ಆಗಲೇ ಊರಲ್ಲಿ ಗೂಡ್ಸ್ ಆಟೋ ಓಡಿಸುತ್ತಿದ್ದ. “ಸಾರ್, ಎರಡು ವರ್ಷ ಕೆಲಸ ಇರುತ್ತೆ ಅಂತ ಬರೆದು ಕೊಡ್ತೀರಾ? ಇವತ್ತೇ ಬಸ್ ಹತ್ತುತ್ತೀನಿ” ಅಂದ.

ನನಗೆ ಯಾರೂ ಹಾಗೆ ಬರೆದುಕೊಟ್ಟಿರಲಿಲ್ಲ. ಅವನಿಗೆ ಹಾಗೇ ಹೇಳಿದೆ.