ಕೋಳಿಮರಿಗಳ ಫೀಡಿಗೆ ಖನಿಜ ಬೆರೆಸುವುದು ಹೇಗೆ?

ಗಿರಿರಾಜ, ಸ್ವರ್ಣಧಾರಾ ತಳಿಯ ಕೋಳಿಮರಿ ತಂದವರಲ್ಲಿ ಹೆಚ್ಚಿನವರು ಕೇಳುವುದು ಒಂದೇ ಪ್ರಶ್ನೆ: ಕಾಲು ಗಟ್ಟಿಯಾಗಲು ಕ್ಯಾಲ್ಸಿಯಂ ಎಷ್ಟು ಜಾಸ್ತಿ ಹಾಕಬೇಕು? ದಯವಿಟ್ಟು ಜಾಸ್ತಿ ಹಾಕಬೇಡಿ. ಮೊಟ್ಟೆಕೋಳಿಯ ಫೀಡನ್ನೇ ಮರಿಗಳಿಗೂ ಸುರಿದು ನಷ್ಟ ಮಾಡಿಕೊಂಡವರನ್ನು ತುಂಬಾ ನೋಡಿದ್ದೇನೆ. ಆ ಫೀಡಿನಲ್ಲಿ ಕ್ಯಾಲ್ಸಿಯಂ ಶೇ 3.5ರಿಂದ 4 ಇರುತ್ತದೆ. ಮರಿಗೆ ಬೇಕಾದದ್ದು ಶೇ 1ರಷ್ಟು ಮಾತ್ರ. ಉಳಿದದ್ದನ್ನು ಹೊರಹಾಕಲು ಹೋಗಿ ಎಳೆಯ ಕಿಡ್ನಿ ಕೆಡುತ್ತದೆ. ಸತ್ತ ಮರಿಯನ್ನು ಕೊಯ್ದರೆ ಹೃದಯ, ಲಿವರ್ ಮೇಲೆ ಸುಣ್ಣ ಬಳಿದ ಹಾಗೆ ಬಿಳಿ ಪದರ ಕಾಣುತ್ತದೆ. ಅದು ಯೂರಿಕ್ ಆಸಿಡ್, ರೋಗದ ಹೆಸರು ಗೌಟ್.

1. ಸಾಮಾನು. 100 ಕೆ.ಜಿ. ಮೆಕ್ಕೆಜೋಳ–ಸೋಯಾ ಹಿಂಡಿಯ ಫೀಡಿಗೆ ಡಿಸಿಪಿ (ಡೈಕ್ಯಾಲ್ಸಿಯಂ ಫಾಸ್ಫೇಟ್, ಕ್ಯಾಲ್ಸಿಯಂ ಮತ್ತು ರಂಜಕ ಅಂದರೆ ಫಾಸ್ಫರಸ್ ಎರಡೂ ಇರುವ ಪುಡಿ) 1 ಕೆ.ಜಿ. 750 ಗ್ರಾಂ, ಸುಣ್ಣಕಲ್ಲಿನ ನಯವಾದ ಪುಡಿ 1 ಕೆ.ಜಿ. 250 ಗ್ರಾಂ, ಉಪ್ಪು 300 ಗ್ರಾಂ. ಒಣಮೀನಿನ ಪುಡಿ ಹಾಕುವವರು ಉಪ್ಪು ಕಡಿಮೆ ಮಾಡಿ, ಮೀನಿನಲ್ಲೇ ಸಾಕಷ್ಟಿರುತ್ತದೆ. ಜೊತೆಗೆ ಸತು, ಮ್ಯಾಂಗನೀಸ್ ಇರುವ ಕೋಳಿಯ ಟ್ರೇಸ್ ಮಿನರಲ್ (ತೀರಾ ಸ್ವಲ್ಪವೇ ಬೇಕಾದ ಖನಿಜಗಳ ಪುಡಿ). ದನದ ಮಿನರಲ್ ಮಿಕ್ಸ್ಚರ್ ಬೇಡವೇ ಬೇಡ, ಅದರ ಲೆಕ್ಕವೇ ಬೇರೆ.

ಡಿಸಿಪಿ ಬಿಟ್ಟು ಸುಣ್ಣಕಲ್ಲು ಮಾತ್ರ ಹಾಕಿದರೆ ಸಾಲದು. ಜೋಳ, ತೌಡಿನ ರಂಜಕದಲ್ಲಿ ಮರಿಗೆ ದಕ್ಕುವುದು ಮೂರನೇ ಒಂದು ಪಾಲಿನಷ್ಟು, ಉಳಿದದ್ದು ಮರಿಗೆ ಜೀರ್ಣವಾಗದ ಫೈಟೇಟ್ ರೂಪದಲ್ಲಿ ಹಿಕ್ಕೆಯಲ್ಲಿ ಹೋಗುತ್ತದೆ. ಕ್ಯಾಲ್ಸಿಯಂ ಎರಡು ಪಾಲು ಇದ್ದರೆ ದಕ್ಕುವ ರಂಜಕ ಒಂದು ಪಾಲು ಇರಬೇಕು. ಅಗ್ಗದ ಡಿಸಿಪಿಗೆ ಸುಣ್ಣಕಲ್ಲಿನ ಪುಡಿ ಬೆರೆಸಿ ಮಾರುವುದುಂಟು. ಒಂದು ಚಮಚ ಪುಡಿಗೆ ವಿನೆಗರ್ ಹಾಕಿ ನೋಡಿ. ಜೋರಾಗಿ ನೊರೆ ಉಕ್ಕಿದರೆ ವಾಪಸ್ ಕೊಡಿ.

2. ಕಲಸುವುದು. ಜನ ಎಡವುವುದು ಇಲ್ಲೇ. ಟ್ರೇಸ್ ಮಿನರಲ್ ಪ್ಯಾಕೆಟ್ ಮೇಲಿನ ಪ್ರಮಾಣ ಸಾಮಾನ್ಯವಾಗಿ ಟನ್ನಿನ ಲೆಕ್ಕದಲ್ಲಿ ಇರುತ್ತದೆ. ಟನ್ನಿಗೆ 1 ಕೆ.ಜಿ. ಅಂದರೆ 100 ಕೆ.ಜಿ.ಗೆ ಬರೀ 100 ಗ್ರಾಂ. ಕಣ್ಣಂದಾಜು ಬೇಡ, ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು.

ಆ 100 ಗ್ರಾಂ ಅನ್ನು ದೊಡ್ಡ ರಾಶಿಯ ಮೇಲೆ ಉದುರಿಸಿ ಸುಮ್ನೆ ಸಲಿಕೆ ಆಡಿಸಿದರೆ ಒಂದು ಮರಿಗೆ ಹತ್ತು ಪಾಲು, ಇನ್ನೊಂದಕ್ಕೆ ಸೊನ್ನೆ. ಮೊದಲು 1 ಕೆ.ಜಿ. ಜೋಳದ ನುಚ್ಚಿನ ಜೊತೆ ಬಕೆಟ್‌ನಲ್ಲಿ ಕೈಯಲ್ಲೇ ಕಲಸಿ. ಅದಕ್ಕೆ ಉಪ್ಪು, ಡಿಸಿಪಿ, ಸುಣ್ಣಕಲ್ಲಿನ ಪುಡಿ ಸೇರಿಸಿ ಮತ್ತೆ ಕಲಸಿ. ಅದನ್ನು 10 ಕೆ.ಜಿ. ಫೀಡಿಗೆ, ಆಮೇಲೆ 30 ಕೆ.ಜಿ.ಗೆ, ಕೊನೆಗೆ ಪೂರ್ತಿ ರಾಶಿಗೆ. ಉಪ್ಪು ಗಂಟಾಗಿದ್ದರೆ ಜರಡಿ ಹಿಡಿಯಿರಿ, ಒಂದು ಗಂಟು ಉಪ್ಪು ತಿಂದ ಮರಿ ಸಾಯಬಹುದು. ವಿಟಮಿನ್ ಪುಡಿ ಕೊನೆಯಲ್ಲಿ ಹಾಕಿ. ಖನಿಜದ ಜೊತೆ ಮೊದಲೇ ಬೆರೆಸಿಟ್ಟರೆ ವಿಟಮಿನ್ ಬಲ ಕಳೆದುಕೊಳ್ಳುತ್ತದೆ. ಮಳೆಗಾಲದಲ್ಲಂತೂ ಎರಡು ವಾರಕ್ಕೆ ಆಗುವಷ್ಟೇ ಕಲಸಿ.

3. ಹಾಕುವುದು. ಒಣದಾಗಿ, ತಟ್ಟೆಯಲ್ಲಿ. ತಾಯಿಕೋಳಿ, ಮರಿ ಒಟ್ಟಿಗೆ ಮೇಯುವ ಮನೆಯಲ್ಲಿ ಎಲ್ಲಕ್ಕೂ ಮರಿಯ ಫೀಡೇ ಇಡಿ. ಕಪ್ಪೆಚಿಪ್ಪಿನ ಚೂರನ್ನು ಮರಿಗೆ ಎಟುಕದ ಎತ್ತರದಲ್ಲಿ ಬೇರೆ ತಟ್ಟೆಯಲ್ಲಿಟ್ಟರೆ ಮೊಟ್ಟೆ ಇಡುವ ಕೋಳಿ ತಾನೇ ಬೇಕಾದಷ್ಟು ತಿನ್ನುತ್ತದೆ. ನನಗೆ ಇದೇ ಎಲ್ಲಕ್ಕಿಂತ ಒಳ್ಳೆಯ ದಾರಿ ಅನ್ನಿಸುತ್ತದೆ. ನೀರಿಗೆ ಬೆರೆಸುವ ಕ್ಯಾಲ್ಸಿಯಂ ಟಾನಿಕ್ ಮೇಲೆ ದುಡ್ಡು ಹಾಕಬೇಡಿ. ಫೀಡ್ ಸರಿ ಇದ್ದರೆ ಅದರ ಕೆಲಸವೇ ಇಲ್ಲ.

4. ನೋಡುತ್ತಿರಿ. ವಾರಕ್ಕೊಮ್ಮೆ ನಾಲ್ಕೈದು ಮರಿ ತೂಗಿ, ಕಾಲು ಮುಟ್ಟಿ. ಕೊಕ್ಕು ರಬ್ಬರಿನಂತೆ ಬಾಗಿದರೆ ರಿಕೆಟ್ಸ್ (ಮೂಳೆ ಮೆತ್ತಗಾಗುವ ರೋಗ): ರಂಜಕ, ಕ್ಯಾಲ್ಸಿಯಂ ಇಲ್ಲವೇ ವಿಟಮಿನ್ ಡಿ3 ಕಡಿಮೆಯಾಗಿದೆ. ಬೇಗ ಸರಿಪಡಿಸಿದರೆ ಚೇತರಿಸಿಕೊಳ್ಳುತ್ತದೆ, ದಿನಾ ಸ್ವಲ್ಪ ಬಿಸಿಲಿಗೂ ಬಿಡಿ. ಹಿಮ್ಮಡಿ ಗಂಟು ಊದಿ, ಕಾಲು ಪಕ್ಕಕ್ಕೆ ತಿರುಗಿದ್ದರೆ ಮ್ಯಾಂಗನೀಸ್ ಅಥವಾ ಕೋಲಿನ್ (ವಿಟಮಿನ್‌ನಂಥ ಪೋಷಕಾಂಶ) ಕೊರತೆಯ ಅನುಮಾನ. ಸ್ನಾಯುರಜ್ಜು ಜಾರಿದ ಆ ಮರಿ ಸರಿಹೋಗುವುದಿಲ್ಲ, ಆದರೆ ಉಳಿದವುಗಳನ್ನು ಉಳಿಸಬಹುದು. ಆ ದಿನವೇ ಪಶುವೈದ್ಯರಿಗೆ ಫೀಡಿನ ಸ್ಯಾಂಪಲ್ ಜೊತೆ ತೋರಿಸಿ.