ಮಲೆನಾಡಿನ ಮನೆ ಆಫೀಸಿಗೆ ಕಲರ್ ಪ್ರಿಂಟರ್: ಅಂಗಡಿಗೆ ಹೋಗೋ ಮುಂಚೆ ಇಷ್ಟು ನೋಡಿ

ಅಂಗಡಿಯವರು ಮೊದಲು ಹೇಳೋದು ನಿಮಿಷಕ್ಕೆ ಎಷ್ಟು ಪುಟ, ಎಷ್ಟು ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕೆ) ಅಂತ. ತಲೆಯಾಡಿಸಿ ಕೇಳಿಸಿಕೊಳ್ಳಿ, ಆಮೇಲೆ ಮರೆತುಬಿಡಿ. ದಿನಕ್ಕೆ ಹತ್ತಿಪ್ಪತ್ತು ಪುಟ ತೆಗೆಯುವವರಿಗೆ ನಿಮಿಷಕ್ಕೆ 10 ಆದರೇನು, 15 ಆದರೇನು? ನಮ್ಮ ಕಡೆ ಪ್ರಿಂಟರ್ ಕೈಕೊಡೋದು ಬೇರೆ ಕಾರಣಗಳಿಗೆ. ಮಳೆಗಾಲದ ತೇವ, ಹೇಳದೆ ಕೇಳದೆ ಹೋಗುವ ಕರೆಂಟು, ಕೆಲಸ ಇಲ್ಲದೆ ವಾರಗಟ್ಟಲೆ ಮಿಷನ್ ಸುಮ್ನೆ ಕೂರೋದು. ಕೆಟ್ಟರೆ ಅದನ್ನು ಹೊತ್ತುಕೊಂಡು ಶಿವಮೊಗ್ಗಕ್ಕೆ ಹೋಗೋ ಫಜೀತಿ ಬೇರೆ. ಇವನ್ನು ಇಟ್ಟುಕೊಂಡೇ ಆರಿಸಬೇಕು.

ಮೊದಲು ಒಂದು ಹಾಳೆ ತಗೊಂಡು ತಿಂಗಳಿಗೆ ನೀವು ಏನೇನು ಪ್ರಿಂಟ್ ಮಾಡ್ತೀರಿ ಅಂತ ಬರೆಯಿರಿ. ಪಹಣಿ, ಜಿಎಸ್‌ಟಿ ಬಿಲ್ಲು, ಮಕ್ಕಳ ಪ್ರಾಜೆಕ್ಟು, ಹೋಂಸ್ಟೇ ಬುಕಿಂಗ್ ಚೀಟಿ, ಉಪ್ಪಿನಕಾಯಿ ಬಾಟಲಿಯ ಲೇಬಲ್ಲು, ಏನಿದ್ದರೂ ಸರಿ. ಅದರಲ್ಲಿ ಕಲರ್ ಬೇಕಾದವು ಎಷ್ಟು ನೋಡಿ. ತಿಂಗಳಿಗೆ ನಾಲ್ಕೈದು ಪುಟ ಮಾತ್ರ ಅಂತಾದರೆ ಕಲರ್ ಪ್ರಿಂಟರೇ ಬೇಡ. ಒಂದು ಕಪ್ಪು-ಬಿಳುಪು ಲೇಸರ್ ಇಟ್ಟುಕೊಂಡು, ಕಲರ್ ಬೇಕಾದಾಗ ಪೇಟೆಯ ಜೆರಾಕ್ಸ್ ಅಂಗಡಿಗೆ ಹೋಗಿ ಬನ್ನಿ. ಲೇಸರಿನಲ್ಲಿ ಇರೋದು ಒಣ ಪುಡಿ. ಮೂರು ತಿಂಗಳು ಮುಟ್ಟದೇ ಇದ್ದರೂ ಅದು ಒಣಗಿ ಕಟ್ಟಿಕೊಳ್ಳೋದಿಲ್ಲ.

ಕಲರ್ ಬೇಕೇ ಬೇಕು ಅಂದರೆ ಮೂರು ದಾರಿ ಇವೆ. ಕಾರ್ಟ್ರಿಜ್ ಹಾಕುವ ಸಣ್ಣ ಇಂಕ್‌ಜೆಟ್, ಬಾಟಲಿಯಿಂದ ಇಂಕು ತುಂಬಿಸುವ ಇಂಕ್ ಟ್ಯಾಂಕ್, ಕಲರ್ ಲೇಸರ್.

ಕಾರ್ಟ್ರಿಜ್ ಮಿಷನ್ ಐದಾರು ಸಾವಿರಕ್ಕೆ ಸಿಗುತ್ತೆ ಅಂತ ಆಸೆಯಾಗುತ್ತದೆ. ಬೇಡ. ಇಂಥ ಮಿಷನ್ನಿನ ಸಣ್ಣ ಕಾರ್ಟ್ರಿಜ್ ನೂರಿನ್ನೂರು ಪುಟಕ್ಕೇ ಖಾಲಿಯಾಗುತ್ತದೆ, ಹೊಸದಕ್ಕೆ ಮತ್ತೆ ನೂರಾರು ರೂಪಾಯಿ. ಪುಟಕ್ಕೆ ನಾಲ್ಕೈದು ರೂಪಾಯಿ ಬಿದ್ದರೆ ಜೆರಾಕ್ಸ್ ಅಂಗಡಿಯೇ ಅಗ್ಗ ಅಲ್ವಾ? ಇಂಕ್ ಟ್ಯಾಂಕ್ ಮಿಷನ್ನಿಗೆ ಮೊದಲೇ ಹನ್ನೊಂದರಿಂದ ಹದಿನಾರು ಸಾವಿರ ಹಾಕಬೇಕು. ಆದರೆ ಆಮೇಲೆ ಒಂದು ಬಾಟಲಿ ಕಪ್ಪು ಇಂಕಿನಲ್ಲಿ ಮಾದರಿ ನೋಡಿಕೊಂಡು 4500ರಿಂದ 6000 ಪುಟ ಅಂತ ಕಂಪನಿಗಳು ಹೇಳುತ್ತವೆ. ಈ ಲೆಕ್ಕ ಮಾಮೂಲಿ ಆಫೀಸು ಪುಟದ್ದು, ಹಾಳೆ ತುಂಬಾ ಫೋಟೊ ಇರೋದಕ್ಕಲ್ಲ. ಜೊತೆಗೆ ಮೊದಲ ಸಲ ತುಂಬಿಸಿದಾಗ ಸ್ವಲ್ಪ ಇಂಕು ಒಳಗಿನ ಪೈಪುಗಳಿಗೇ ಹೋಗುತ್ತದೆ. ಅಷ್ಟಾದರೂ ಕಪ್ಪು ಪುಟದ ಇಂಕಿನ ಖರ್ಚು ಪೈಸೆಗಳಲ್ಲೇ ಇರುತ್ತದೆ.

ಕಲರ್ ಲೇಸರ್ ಅಕ್ಷರ ನೋಡೋಕೆ ಚಂದ, ನೀರು ಬಿದ್ದರೂ ಹರಡೋದಿಲ್ಲ. ಆದರೆ ಕಪ್ಪು ಸೇರಿ ನಾಲ್ಕು ಟೋನರ್, ಅಂದರೆ ಬಣ್ಣದ ಪುಡಿ ತುಂಬಿದ ಕಾರ್ಟ್ರಿಜ್, ಬೇಕು. ನಾಲ್ಕನ್ನೂ ಒಟ್ಟಿಗೆ ಬದಲಾಯಿಸುವ ದಿನ ಬಂದರೆ ಆ ಬಿಲ್ಲು ಮಿಷನ್ನಿನ ಬೆಲೆಯ ಹತ್ತಿರ ಹೋಗಿ ನಿಲ್ಲುತ್ತದೆ. ಡಬ್ಬದ ಜೊತೆ ಬರುವ ಟೋನರಿನಲ್ಲಿ ಎಷ್ಟೋ ಸಲ ಪೂರ್ತಿ ಪುಡಿ ಇರೋದೂ ಇಲ್ಲ. ಕೊಳ್ಳುವ ಮುಂಚೆಯೇ ನಾಲ್ಕು ಟೋನರಿನ ಬೆಲೆ ಕೇಳಿ ಬರೆದುಕೊಳ್ಳಿ.

ಇನ್ನು ಕರೆಂಟಿನ ವಿಷಯ. ಲೇಸರ್ ಮಿಷನ್ ಪುಡಿಯನ್ನು ಬಿಸಿಯಿಂದ ಕರಗಿಸಿ ಹಾಳೆಗೆ ಅಂಟಿಸುತ್ತದೆ. ಒಳಗಿನ ಫ್ಯೂಸರ್ ಸುಮಾರು 200 ಡಿಗ್ರಿಯವರೆಗೆ ಕಾಯುತ್ತದೆ. ಅದು ಕಾಯುವ ಹೊತ್ತಿಗೆ ಮಿಷನ್ 1000 ವ್ಯಾಟಿನ ಆಸುಪಾಸು ಎಳೆಯಬಹುದು. ನಮ್ಮ ಮನೆಗಳಲ್ಲಿ ಇರೋದು ಸಾಮಾನ್ಯವಾಗಿ 800-900 ವಿಎ ಇನ್ವರ್ಟರು. ಕರೆಂಟು ಹೋದಾಗ ಅದರಲ್ಲಿ ಕಲರ್ ಲೇಸರ್ ಓಡಿಸೋಕೆ ಹೋದರೆ ಇನ್ವರ್ಟರ್ ಓವರ್‌ಲೋಡ್ ಅಂತ ಕೂಗಿ ಮನೆಯೆಲ್ಲ ಕತ್ತಲು. ಕಂಪ್ಯೂಟರಿನ ಸಣ್ಣ ಯುಪಿಎಸ್ಸಿಗಂತೂ ಲೇಸರ್ ಹಾಕಲೇಬೇಡಿ. ಇಂಕ್ ಟ್ಯಾಂಕಿಗೆ ಪ್ರಿಂಟ್ ಮಾಡುವಾಗಲೂ ಹತ್ತಿಪ್ಪತ್ತು ವ್ಯಾಟ್ ಸಾಕು, ಒಂದು ಎಲ್‌ಇಡಿ ಬಲ್ಬಿನಷ್ಟು. ಜುಲೈಯಲ್ಲಿ ಮರ ಬಿದ್ದು ಇಡೀ ದಿನ ಲೈನಿಲ್ಲದ ಊರಿನವರು ಇದೊಂದು ಕಾರಣಕ್ಕೇ ಇಂಕ್ ಟ್ಯಾಂಕ್ ಕಡೆ ವಾಲಬಹುದು. ನನ್ನ ಮತವೂ ಅದಕ್ಕೇ.

ಹಾಗಂತ ಯಾವುದೋ ಒಂದು ಇಂಕ್ ಟ್ಯಾಂಕ್ ಎತ್ತಿಕೊಂಡು ಬರಬೇಡಿ. ಇಂಕಿನಲ್ಲಿ ಎರಡು ಜಾತಿ, ಡೈ ಮತ್ತು ಪಿಗ್ಮೆಂಟ್. ಡೈ ಅಂದರೆ ನೀರಲ್ಲಿ ಕರಗಿದ ಬಣ್ಣ. ಫೋಟೊಗೆ ಹೊಳಪು ಕೊಡುತ್ತದೆ, ಆದರೆ ಸಾದಾ ಹಾಳೆಯ ನಾರಿನಲ್ಲಿ ಹರಡಿಕೊಳ್ಳುತ್ತದೆ. ಪಿಗ್ಮೆಂಟ್ ಅಂದರೆ ಸಣ್ಣ ಸಣ್ಣ ಕಣ, ಹಾಳೆಯ ಮೇಲೇ ಕೂರುತ್ತದೆ, ಒದ್ದೆ ಕೈ ತಾಗಿದರೂ ಅಷ್ಟಾಗಿ ಕದಡೋದಿಲ್ಲ. ಕನ್ನಡ ಜಾಸ್ತಿ ಪ್ರಿಂಟ್ ಮಾಡುವವರಿಗೆ ಇದು ಮುಖ್ಯ. ಇಂಗ್ಲಿಷ್ ಅಕ್ಷರ ಸ್ವಲ್ಪ ಹರಡಿದರೂ ಓದಬಹುದು. ನಮ್ಮ ಒತ್ತಕ್ಷರ ಹಾಗಲ್ಲ. 9 ಪಾಯಿಂಟಿನಲ್ಲಿ ‘ಲಕ್ಷ್ಮಿ’, ‘ಸ್ತ್ರೀ’ ಅಂತ ಹೊಡೆದು 70 ಜಿಎಸ್‌ಎಂನ ತೆಳು ಹಾಳೆಯಲ್ಲಿ ಡೈ ಇಂಕಿನಿಂದ ತೆಗೆದು ನೋಡಿ, ಕೆಳಗಿನ ಒತ್ತು ಮುಚ್ಚಿಹೋಗಿ ಕಪ್ಪು ಚುಕ್ಕೆಯ ಹಾಗೆ ಕಾಣಬಹುದು. ಪಿಗ್ಮೆಂಟ್ ಕಪ್ಪಿನಲ್ಲಿ ಒತ್ತು ಬಿಡಿಬಿಡಿಯಾಗಿ ಕಾಣುತ್ತದೆ. ಕಪ್ಪು ಪಿಗ್ಮೆಂಟ್, ಮೂರು ಬಣ್ಣ ಡೈ ಇರುವ ಮಾದರಿಗಳು ಇವೆ. ಕ್ಯಾನನ್ ಜಿ ಸರಣಿಯಲ್ಲಿ ಹಲವು ಹೀಗೇ ಇವೆ. ಮನೆ ಆಫೀಸಿಗೆ ಅದು ಒಳ್ಳೆ ಜೋಡಿ. ನಾಲ್ಕೂ ಡೈ ಇರುವವೂ ಇವೆ, ಡಬ್ಬದ ಮೇಲೆ ಇದನ್ನು ದೊಡ್ಡದಾಗಿ ಬರೆದಿರೋದಿಲ್ಲ, ಕೇಳಿಯೇ ತಿಳಿಯಬೇಕು.

ಅಪ್ಪೆಮಿಡಿ, ಜೇನು, ಕೋಕಂ ಮಾರುವವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬೇಕು. ಅಪ್ಪೆಮಿಡಿ ಬಾಟಲಿ ಹಿಡಿಯುವ ಕೈಗೆ ಉಪ್ಪುನೀರು ಇದ್ದೇ ಇರುತ್ತದೆ. ಡೈ ಇಂಕಿನ ಕೆಂಪು ಬೆರಳಿಗೆ ಹತ್ತಿ ಹೆಸರೇ ಅಳಿಸುತ್ತದೆ. ನಾಲ್ಕೂ ಪಿಗ್ಮೆಂಟ್ ಇರುವ ಮಾದರಿಯನ್ನೇ ಹುಡುಕಿ, ಇಲ್ಲವೇ ಕಲರ್ ಲೇಸರ್ ತಗೊಳ್ಳಿ. ಲೇಸರಿಗೆ ಹಾಕುವ ಲೇಬಲ್ ಹಾಳೆ ಲೇಸರಿನದ್ದೇ ಆಗಿರಬೇಕು. ಇಂಕ್‌ಜೆಟ್ ಲೇಬಲ್ಲಿನ ಅಂಟು, ಫೋಟೊ ಪೇಪರಿನ ಹೊಳಪು ಪದರ, ಎರಡೂ ಫ್ಯೂಸರಿನ ಬಿಸಿಗೆ ಕರಗಿ ಒಳಗೆ ಮೆತ್ತಿಕೊಳ್ಳುತ್ತವೆ. ಆಮೇಲೆ ರಿಪೇರಿಗೆ ದೊಡ್ಡ ಖರ್ಚು.

ಇಂಕಿನ ಮಿಷನ್ನಿಗೆ ಇರುವ ದೊಡ್ಡ ರೋಗ ಹೆಡ್, ಅಂದರೆ ಹಾಳೆಗೆ ಇಂಕು ಚಿಮ್ಮಿಸುವ ಭಾಗ, ಒಣಗೋದು. ವಿಚಿತ್ರ ಅಂದರೆ ಮಳೆಗಾಲದಲ್ಲಿ ಈ ಕಾಟ ಕಮ್ಮಿ, ಶಿವರಾತ್ರಿ ಕಳೆದು ಬಿಸಿಲು ಏರಿದ ಮೇಲೇ ಜಾಸ್ತಿ. ವಾರಕ್ಕೊಮ್ಮೆ ನಾಲ್ಕೂ ಬಣ್ಣ ಇರುವ ಒಂದು ಪುಟ ತೆಗೆದರೆ ಸಾಕು. ಅದಕ್ಕಿಂತ ಮುಖ್ಯವಾದದ್ದು ಒಂದಿದೆ. ಆಫ್ ಮಾಡುವಾಗ ಗೋಡೆಯ ಸ್ವಿಚ್ ಒತ್ತಬೇಡಿ, ಮಿಷನ್ನಿನ ಬಟನ್ನೇ ಒತ್ತಿ. ಬಟನ್ ಒತ್ತಿದರೆ ಹೆಡ್ ತನ್ನ ಮೂಲೆಗೆ ಹೋಗಿ ರಬ್ಬರ್ ಮುಚ್ಚಳದ ಮೇಲೆ ಕೂರುತ್ತದೆ. ಪ್ರಿಂಟ್ ಆಗುತ್ತಿರುವಾಗಲೇ ಕರೆಂಟು ಹೋದರೆ ಅದು ದಾರಿ ಮಧ್ಯೆ ಬಾಯಿ ತೆರೆದುಕೊಂಡೇ ನಿಲ್ಲುತ್ತದೆ, ಹಾಗೇ ಎರಡು ದಿನ ಬಿಟ್ಟರೆ ಒಣಗುತ್ತದೆ. ಲೈನು ಬಂದ ಕೂಡಲೇ ಒಮ್ಮೆ ಆನ್ ಮಾಡಿ, ಬಟನ್ನಿನಿಂದ ಆಫ್ ಮಾಡಿ. ಅಕ್ಷರ ಗೆರೆಗೆರೆಯಾಗಿ ಬಂದರೆ ಮೊದಲು ನಾಝಲ್ ಚೆಕ್ (ಎಲ್ಲ ಬಣ್ಣ ಸರಿಯಾಗಿ ಬರುತ್ತಾ ಅಂತ ತೋರಿಸುವ ಪರೀಕ್ಷೆಯ ಪುಟ) ತೆಗೆದು ನೋಡಿ. ಸುಮ್ಮಸುಮ್ಮನೆ ಹೆಡ್ ಕ್ಲೀನಿಂಗ್ ಕೊಟ್ಟರೆ ಇಂಕು ಅದನ್ನು ಹೀರಿಕೊಳ್ಳುವ ವೇಸ್ಟ್ ಪ್ಯಾಡಿಗೆ ಸುರಿಯುತ್ತದೆ, ಪ್ಯಾಡ್ ತುಂಬಿತು ಅಂತ ಮಿಷನ್ನೇ ನಿಂತುಬಿಡುತ್ತದೆ. ಆದ್ದರಿಂದ ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ. ಹೆಡ್ ನಾವೇ ಬಿಚ್ಚಿ ಬದಲಾಯಿಸಬಹುದಾ? ವೇಸ್ಟ್ ಇಂಕಿನ ಡಬ್ಬ ನಾವೇ ಬದಲಾಯಿಸಬಹುದಾ? ಎರಡಕ್ಕೂ ಹೌದು ಅಂದರೆ ದೂರದ ಊರಿನವರಿಗೆ ಅರ್ಧ ತಲೆನೋವು ಕಮ್ಮಿ.

ಹಾಳೆಯ ಕಥೆ ಬೇರೆಯೇ. ಆಗುಂಬೆಗೆ ವರ್ಷಕ್ಕೆ 7000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಅಲ್ಲಿಗೆ ಹೋಗೋದೇ ಬೇಡ, ತೀರ್ಥಹಳ್ಳಿ, ಹೊಸನಗರದಲ್ಲೇ ಆಷಾಢದಲ್ಲಿ ಚಪ್ಪಲಿಗೆ ಬೂಷ್ಟು ಬರುತ್ತೆ. ಟ್ರೇಯಲ್ಲಿ ಬಿಟ್ಟ ಹಾಳೆ ಒಂದೇ ರಾತ್ರಿಯಲ್ಲಿ ಮೆತ್ತಗಾಗಿ ಅಂಚು ಅಲೆಅಲೆಯಾಗುತ್ತದೆ. ಇಂಕಿನ ಮಿಷನ್ ಎರಡೆರಡು ಹಾಳೆ ಎಳೆಯುತ್ತದೆ. ಲೇಸರಿನಲ್ಲಿ ಇನ್ನೂ ಕಷ್ಟ, ತೇವದ ಹಾಳೆಗೆ ಪುಡಿ ಸರಿಯಾಗಿ ಹಿಡಿಯದೆ ಅಕ್ಷರ ತೆಳುವಾಗುತ್ತದೆ, ಫ್ಯೂಸರಿನ ಬಿಸಿಗೆ ಹಾಳೆಯೊಳಗಿನ ನೀರು ಆವಿಯಾಗಿ ಹಾಳೆ ಸುರುಳಿ ಸುತ್ತಿಕೊಂಡು ಸಿಕ್ಕಿಹಾಕಿಕೊಳ್ಳುತ್ತದೆ. ಮಳೆಗಾಲದಲ್ಲಿ ಹಪ್ಪಳ ಇಟ್ಟ ಹಾಗೆ ಗಟ್ಟಿ ಮುಚ್ಚಳದ ಡಬ್ಬದಲ್ಲಿ ಹಾಳೆ ಇಡಿ, ಬೇಕಾದಷ್ಟೇ ಟ್ರೇಗೆ ಹಾಕಿ, ಕೆಲಸ ಮುಗಿದ ಮೇಲೆ ತೆಗೆಯಿರಿ. ಹಾಳೆ ಪೂರ್ತಿ ಒಳಗೆ ಮುಚ್ಚಿಕೊಳ್ಳುವ ಟ್ರೇ ಇರುವ ಮಾದರಿ, ಹಿಂದುಗಡೆ ನಿಲ್ಲಿಸುವ ತೆರೆದ ಟ್ರೇಗಿಂತ ನಮ್ಮ ಕಡೆಗೆ ಮೇಲು. ಬಚ್ಚಲೊಲೆಯ ಹೊಗೆ ಬರುವ ಕಡೆ ಮಿಷನ್ ಇಡಬೇಡಿ. ಇರುವೆ, ಜಿರಳೆ ಒಳಗೆ ಸಂಸಾರ ಹೂಡದ ಹಾಗೆ ಬಟ್ಟೆ ಮುಚ್ಚಿ. ಬೇಸಿಗೆಯ ಗುಡುಗು ಶುರುವಾದರೆ ಪ್ಲಗ್ ಕಿತ್ತಿಡಿ, ರೂಟರಿಗೆ ವೈರ್ ಹಾಕಿದ್ದರೆ ಅದನ್ನೂ.

ವೈಫೈ ಇರಲಿ, ಆದರೆ ಅಗ್ಗದ ಎಷ್ಟೋ ಪ್ರಿಂಟರುಗಳು 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಹಿಡಿಯುತ್ತವೆ. ರೂಟರ್ 5 ಗಿಗಾಹರ್ಟ್ಸಿನಲ್ಲಿ ಮಾತ್ರ ಇದ್ದರೆ ಪ್ರಿಂಟರ್ ಕಾಣಿಸೋದೇ ಇಲ್ಲ. ಯುಎಸ್‌ಬಿ ಕೇಬಲ್ ಕೂಡ ಇಟ್ಟುಕೊಳ್ಳಿ, ವೈಫೈ ಕೈಕೊಟ್ಟ ದಿನ ಬೇಕಾಗುತ್ತದೆ. ತೆರಿಗೆ, ಬ್ಯಾಂಕ್ ಕಾಗದಪತ್ರದ ಕೆಲಸದವರು ಎಡಿಎಫ್ (ಹಾಳೆಗಳನ್ನು ತಾನೇ ಒಂದೊಂದಾಗಿ ಎಳೆದುಕೊಳ್ಳುವ ವ್ಯವಸ್ಥೆ) ಇರುವ ಸ್ಕ್ಯಾನರ್ ನೋಡಿ. ಲೀಗಲ್ ಅಳತೆಯ ಹಾಳೆ ಬಳಸುವವರು ಟ್ರೇ 14 ಇಂಚು ಹಿಡಿಯುತ್ತಾ ಅಂತ ಅಳೆದೇ ನೋಡಿ. ತಾನೇ ಎರಡೂ ಬದಿ ಪ್ರಿಂಟ್ ಮಾಡೋದು ಇದ್ದರೆ ಒಳ್ಳೇದು, ಇಲ್ಲದಿದ್ದರೂ ನಡೆಯುತ್ತದೆ.

ಅಂಗಡಿಗೆ ಹೋಗುವಾಗ ಪೆನ್‌ಡ್ರೈವಿನಲ್ಲಿ ನಿಮ್ಮದೇ ಪುಟ ಒಯ್ಯಿರಿ. ಒಂದು ಪಹಣಿ, ಸಣ್ಣ ಕನ್ನಡ ಅಕ್ಷರದ ಒಂದು ಪುಟ, ಕ್ಯೂಆರ್ ಕೋಡ್ ಇರುವ ಒಂದು, ತೋಟದ್ದೋ ಮನೆಯದ್ದೋ ಒಂದು ಫೋಟೊ. ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿದ್ದಾದರೆ ಪಿಡಿಎಫ್ ಮಾಡಿಕೊಂಡು ಹೋಗಿ, ಇಲ್ಲವಾದರೆ ಅಲ್ಲಿನ ಕಂಪ್ಯೂಟರಿನಲ್ಲಿ ಅಕ್ಷರವೆಲ್ಲ ಕಲಸುಮೇಲೋಗರ. ಶಿವಮೊಗ್ಗದಲ್ಲಿ ನೆಹರು ರಸ್ತೆ, ದುರ್ಗಿಗುಡಿ ಕಡೆ ಒಂದು ಸುತ್ತು ಹಾಕಿ, ಡೆಮೊ ಮಿಷನ್ ಇಟ್ಟಿರುವಲ್ಲಿ ಪ್ರಿಂಟ್ ತೆಗೆಸಿ. ಎರಡು ನಿಮಿಷ ಬಿಟ್ಟು ಒದ್ದೆ ಬೆರಳಿನಿಂದ ಉಜ್ಜಿ. ಕ್ಯೂಆರ್ ಕೋಡನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ. ಅಂಗಡಿಯವರು ಮುಖ ಗಂಟು ಹಾಕಿದರೆ ಹಾಕಲಿ, ದುಡ್ಡು ನಿಮ್ಮದು.

ಆನ್‌ಲೈನಿನಲ್ಲಿ ಸಾವಿರ ರೂಪಾಯಿ ಕಮ್ಮಿ ಸಿಗಬಹುದು. ಆದರೆ ವಾರಂಟಿಯಲ್ಲಿ ಮನೆಗೇ ಬರುತ್ತಾರಾ, ನಾವೇ ಒಯ್ಯಬೇಕಾ ಅನ್ನೋದನ್ನು ನಿಮ್ಮ ಪಿನ್‌ಕೋಡ್ ಹೇಳಿ ಕಂಪನಿಯ ಸಹಾಯವಾಣಿಯಲ್ಲಿ ಕೇಳಿ. ಸಾಗರದಿಂದ ಶಿವಮೊಗ್ಗಕ್ಕೆ 70 ಕಿಲೋಮೀಟರ್ ಆಸುಪಾಸು. ಟ್ಯಾಂಕ್ ತುಂಬಿದ ಪ್ರಿಂಟರನ್ನು ಬಸ್ಸಿನಲ್ಲಿ ಅಡ್ಡ ಮಲಗಿಸಿ ತಂದರೆ ಪಕ್ಕದವರ ಪಂಚೆಯೂ ಕಲರ್ ಆಗುತ್ತದೆ. ಒಯ್ಯಲೇಬೇಕಾದರೆ ಮುಚ್ಚಳ ಬಿಗಿ ಮಾಡಿ, ನೆಟ್ಟಗೆ ನಿಲ್ಲಿಸಿ, ಪ್ಲಾಸ್ಟಿಕ್ ಸುತ್ತಿ ಒಯ್ಯಿರಿ. ಜಿಎಸ್‌ಟಿ ನೋಂದಣಿ ಇದ್ದರೆ ಬಿಲ್ಲಿನಲ್ಲಿ ನಿಮ್ಮ ನಂಬರ್ ಹಾಕಿಸಿ, ಪ್ರಿಂಟರಿಗೆ 18% ತೆರಿಗೆ ಇದೆ. ಬಿಲ್ಲು ಥರ್ಮಲ್ ಹಾಳೆಯದಾದರೆ ವಾರಂಟಿ ಕೇಳುವ ಹೊತ್ತಿಗೆ ಅಕ್ಷರ ಮಾಸಿರುತ್ತದೆ, ಮಿಷನ್ ಜೋಡಿಸಿದ ದಿನವೇ ಅದನ್ನು ಸ್ಕ್ಯಾನ್ ಮಾಡಿ ನಿಮಗೆ ನೀವೇ ಮೇಲ್ ಮಾಡಿಕೊಳ್ಳಿ.